ಎರಡು ಕೈಪಿಡಿ, ಒಂದು ಅಭಿಪ್ರಾಯ

"ಎರಡರಲ್ಲಿ ಒಂದನ್ನೇ ಕೊಳ್ಳೋದು. ಹೋಲಿಸಿ ನೋಡಿ, ನಾಲ್ಕು ಗಂಟೆಗೆ ಹೇಳಿ" ಎಂದು ಪ್ರಿನ್ಸಿಪಾಲರು ರಾಜ್ಯಶಾಸ್ತ್ರದ ಎರಡು ಕೈಪಿಡಿಗಳನ್ನು ಲೈಬ್ರೇರಿಯನ್ನನ ಮೇಜಿನ ಮೇಲಿಟ್ಟು ಹೋದರು. ಒಂದು ಕೆಂಪು, ಇಟ್ಟಿಗೆಯಷ್ಟು ದಪ್ಪ. ಇನ್ನೊಂದು ನೀಲಿ, ತೆಳ್ಳಗೆ.

ಹನ್ನೊಂದು ವರ್ಷಗಳಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಮನೆಯೆಂದರೆ ಒಂದು ಕೋಣೆ, ಒಂದು ಕುರ್ಚಿ. ಕಾಲೇಜಿನಲ್ಲಿ ಅವನ ಕಿವಿಗೆ ಬೀಳುತ್ತಿದ್ದ ಮಾತು ಎರಡೇ: "ಸೀಲ್ ಹಾಕಿ", "ಫ್ಯಾನ್ ಹಾಕಿ".

ಹತ್ತು ಗಂಟೆಗೆ ರಾಜ್ಯಶಾಸ್ತ್ರದ ಹಿರಿಯ ಮೇಷ್ಟ್ರು ಎರಡು ಲೋಟ ಕಾಫಿ ಹಿಡಿದು ಬಂದರು.

"ಕೆಂಪೇ ಇರಲಿ ಕಣ್ರೀ. ಅದನ್ನ ಅರೆದು ಕುಡಿದಿದ್ದೀನಿ. ಅಂದ ಹಾಗೆ, ಒಬ್ರೇ ಇರ್ತೀರಂತೆ, ಊಟಕ್ಕೇನು ಮಾಡ್ತೀರಿ?"

ಲೈಬ್ರೇರಿಯನ್ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ನಿಮ್ಮ ಮಾತಲ್ಲಿ ಹುರುಳಿದೆ ಸಾರ್" ಎಂದುಬಿಟ್ಟ.

ಅವರು ಅತ್ತ ಹೋಗಿದ್ದೇ ತಡ, ಅದೇ ವಿಭಾಗದ ಮೇಡಂ ಇತ್ತ ಬಂದರು. ಇಬ್ಬರಿಗೂ ಮೂರು ವರ್ಷದಿಂದ ಮಾತಿಲ್ಲ. ಒಂದೇ ಕೋಣೆಯಲ್ಲಿ ನಡುವೆ ಬೀರು ಅಡ್ಡ ಇಟ್ಟುಕೊಂಡು ಕೂರುತ್ತಿದ್ದರು.

"ನೀಲೀನೇ ಸರಿ. ಸಾಲು ಸಾಲೂ ಓದಿದ್ದೀನಿ. ಅಯ್ಯೋ, ನಿಮ್ಮ ಶರ್ಟಿನ ಗುಂಡಿ ಕಿತ್ತುಹೋಗಿದೆಯಲ್ಲ! ಹೇಳೋರು ಯಾರೂ ಇಲ್ವಾ?"

"ನಿಮ್ಮ ಮಾತಲ್ಲೂ ಹುರುಳಿದೆ ಮೇಡಂ."

ಮಧ್ಯಾಹ್ನ ಇಬ್ಬರೂ ಬಾಗಿಲಲ್ಲೇ ಎದುರಾದರು. ಗೋಡೆಗೆ ಹೇಳುವಂತೆ "ಕೆಂಪು ಗೆದ್ದಾಯ್ತು" ಎಂದರು ಮೇಷ್ಟ್ರು. ಕಿಟಕಿಗೆ ಹೇಳುವಂತೆ "ನೀಲಿ ಗೆದ್ದಾಯ್ತು" ಎಂದರು ಮೇಡಂ. ಲೈಬ್ರೇರಿಯನ್ ಹಳೆ ಪೇಪರುಗಳ ಕಟ್ಟಿನ ಹಿಂದೆ ಕೂತು ಬೆವರಿದ. ಆದರೂ ಒಳಗೊಳಗೇ ಹಿಗ್ಗು: ತನಗಾಗಿ ಇಬ್ಬರು ಜಗಳವಾಡುತ್ತಿದ್ದಾರೆ!

ಮೂರಕ್ಕೆ ಪುಸ್ತಕ ಬಿಡಿಸಿದ. ಕೆಂಪಿನಲ್ಲಿ, "ಜನರು ಆರಿಸಿದವರು ಸೇರುವ ಸ್ಥಳವೇ ಸಂಪತ್ತು" ಎಂದಿತ್ತು. ಸಂಸತ್ತು ಸಂಪತ್ತಾಗಿತ್ತು. ನೀಲಿ ತೆರೆದ. ಅಲ್ಲೂ ಸಂಪತ್ತೇ! ಪುಟ ಮಗುಚುತ್ತ ಹೋದ. ಅಕ್ಷರಕ್ಕೆ ಅಕ್ಷರ ಒಂದೇ ಪುಸ್ತಕ. ಕೆಂಪಿನ ಕಾಗದ ಮಾತ್ರ ದಪ್ಪ.

ಅವನು ಗಟ್ಟಿಯಾಗಿ ನಕ್ಕ. ಕೇಳಲು ಯಾರೂ ಇರಲಿಲ್ಲ. ನಾಲ್ಕಕ್ಕೆ ಹೇಳಿದರೆ ಎಲ್ಲರೂ ನಗುತ್ತಾರೆ, ಇಬ್ಬರಿಗೂ ಬೇಸರವಿಲ್ಲ, ಒಂದಷ್ಟು ಹೊತ್ತು ಹರಟುತ್ತಲೂ ಕೂರಬಹುದು.

ನಾಲ್ಕಕ್ಕೆ ಪ್ರಿನ್ಸಿಪಾಲರು, ಮೇಷ್ಟ್ರು, ಮೇಡಂ ಮೂವರೂ ಲೈಬ್ರರಿಗೆ ಬಂದಾಗ ಹೇಳಿದ. ಯಾರೂ ನಗಲಿಲ್ಲ.

"ಎರಡೂ ಒಂದೇನಾ? ನೀವಿಬ್ರೂ ಓದಿದ್ದೀವಿ ಅಂದ್ರಲ್ಲ?" ಎಂದರು ಪ್ರಿನ್ಸಿಪಾಲರು.

ಮೇಷ್ಟ್ರು ಮೇಡಂ ಮುಖ ನೋಡಿದರು. ಮೇಡಂ ಮೇಷ್ಟ್ರ ಮುಖ ನೋಡಿದರು.

"ಸೀಲ್ ಹಾಕೋರಿಗೆ ರಾಜ್ಯಶಾಸ್ತ್ರ ಏನು ಗೊತ್ತಾಗತ್ತೆ ಸಾರ್? ಎರಡು ಪುಸ್ತಕದ ದೃಷ್ಟಿಕೋನವೇ ಬೇರೆ ಬೇರೆ" ಎಂದರು ಮೇಷ್ಟ್ರು.

"ಸರ್ ಹೇಳೋದು ನೂರಕ್ಕೆ ನೂರು ನಿಜ. ಎರಡೂ ಬೇಕೇ ಬೇಕು" ಎಂದರು ಮೇಡಂ.

ಎರಡನ್ನೂ ಕೊಳ್ಳುವುದೆಂದು ತೀರ್ಮಾನವಾಯಿತು. ಮೇಷ್ಟ್ರು, ಮೇಡಂ ಮಾತಾಡುತ್ತ ಜೊತೆಯಲ್ಲೇ ಮೆಟ್ಟಿಲಿಳಿದರು. ಮೂರು ವರ್ಷದ ಮುನಿಸು ಮುರಿದ ಪುಣ್ಯ ಲೈಬ್ರೇರಿಯನ್ನನದೇ. ಅದನ್ನು ಹೇಳಿಕೊಳ್ಳೋಣವೆಂದು ಅವನು ಹಿಂದಿರುಗಿ ನೋಡುವಷ್ಟರಲ್ಲಿ ಪ್ರಿನ್ಸಿಪಾಲರೂ ಹೊರಟುಹೋಗಿದ್ದರು.