ಅತ್ತೆಯ ಸೌಟು, ಬಾಗಿಲಿಂದ ನಾಲ್ಕನೆಯ ಕಲ್ಲು

ನಮ್ಮ ಅತ್ತೆಗೆ ಮನುಷ್ಯರ ಮಾತಿನ ಮೇಲೆ ನಂಬಿಕೆಯಿಲ್ಲ. ಕಲ್ಲಿನ ಮಾತಿನ ಮೇಲೆ ಇದೆ! ಗಂಡ, ಮಗ, ಸೊಸೆ, ಡಾಕ್ಟರು, ಟಿ.ವಿ.ಯಲ್ಲಿ ಮಳೆಯ ಸುದ್ದಿ ಹೇಳುವ ಹುಡುಗಿ, ಯಾರು ಏನೇ ಹೇಳಲಿ, "ನೋಡೋಣಂತ" ಎಂದು ಮುಖ ತಿರುಗಿಸುತ್ತಾರೆ. ಅದೇ ಒಂದು ಕಲ್ಲು "ಟಣ್" ಎಂದರೆ ತಲೆದೂಗುತ್ತಾರೆ. "ದಬ್" ಎಂದರೆ ಅವತ್ತು ಮನೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಊಟವಿಲ್ಲ.

ಇದು ಅರ್ಥವಾಗಬೇಕಾದರೆ ನಮ್ಮ ಮನೆ ನೋಡಬೇಕು. ನಾವಿರುವುದು ಫರಸಿ ಕಲ್ಲಿಗೆ ಹೆಸರಾದ ಶಹಾಬಾದಿನಲ್ಲಿ. ನೆಲ ಕಲ್ಲು, ಗೋಡೆ ಕಲ್ಲು, ಪಾತ್ರೆ ಇಡುವ ಹಲಗೆ ಕಲ್ಲು, ಹಿತ್ತಲ ನೀರಿನ ತೊಟ್ಟಿ ಕಲ್ಲು. ತಲೆಯ ಮೇಲೂ ಕಲ್ಲೇ. ಕಬ್ಬಿಣದ ತೊಲೆಗಳ ಮೇಲೆ ಸಾಲಾಗಿ ಹಾಸಿದ ಉದ್ದನೆಯ ಫರಸಿಗಳು. ಮನೆಯಲ್ಲಿ ಕಲ್ಲಲ್ಲದ ಮುಖ್ಯ ವಸ್ತುಗಳು ಎರಡೇ: ಮಾವನವರ ಬೆತ್ತದ ಕುರ್ಚಿ, ಮತ್ತು ಅದರಲ್ಲಿ ಕುಳಿತ ಮಾವನವರು.

ಹೋಳಿಯ ಬಣ್ಣ ಅಂಗಳದಿಂದ ಹೋಗುವ ಮೊದಲೇ ಅತ್ತೆ ಅಟ್ಟದಿಂದ ಒಂದು ಹಿತ್ತಾಳೆಯ ಸೌಟು ಇಳಿಸುತ್ತಾರೆ. ಅದರಲ್ಲಿ ಸಾರು ಬಡಿಸಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಅದು ಕಲ್ಲು ಬಡಿಯುವ ಸೌಟು! ಯುಗಾದಿಯ ಒಳಗೆ ಮನೆಯ ಒಂದೊಂದು ಕಲ್ಲನ್ನೂ ಬಡಿದು, ಕಿವಿಯಿಟ್ಟು ಕೇಳಿ, "ಟಣ್" ಎಂದರೆ ಗಟ್ಟಿ, "ದಬ್" ಎಂದರೆ ಒಳಗೆ ಟೊಳ್ಳು, ಹೀಗೆ ಪಾಸೋ ನಾಪಾಸೋ ಎಂದು ತೀರ್ಮಾನಿಸಬೇಕು. ನೆಲದ ಕಲ್ಲನ್ನು ಬಗ್ಗಿ ಬಡಿಯುತ್ತಾರೆ. ಮೇಲಿನದಕ್ಕೆ ಸೌಟನ್ನು ಬಿದಿರಿನ ಗಳಕ್ಕೆ ಕಟ್ಟಿಕೊಂಡು, ಕುತ್ತಿಗೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ ಬಡಿಯುತ್ತಾರೆ. ಆಗ ಮನೆಯಲ್ಲಿ ಕೆಮ್ಮುವುದೂ ಅಪರಾಧ. ನಾಪಾಸಾದ ಕಲ್ಲಿಗೆ ಕೆಮ್ಮಣ್ಣಿನಿಂದ ಒಂದು ಕೆಂಪು ದುಂಡು ಗುರುತು. ಗುರುತು ಬಿತ್ತೆಂದರೆ, ಕಲ್ಲುಗೆಲಸದ ಗೌಂಡಿ ಬಂದು ನೋಡುವವರೆಗೆ ಅದರ ಕೆಳಗೆ ಯಾರೂ ಕೂರುವಂತಿಲ್ಲ.

ನನಗೆ ಈ ಸೌಟಿನ ಮೊದಲ ದರ್ಶನವಾದದ್ದು ಮದುವೆಗೂ ಮುಂಚೆ. ನನ್ನ ತವರು ಚಿಂಚೋಳಿ ಕಡೆಯ ಐನಾಪುರ. ಅಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹೆಣ್ಣು ನೋಡಲು ಬಂದ ಅತ್ತೆ ನನ್ನನ್ನು ನೋಡಿದ್ದು ಎರಡು ನಿಮಿಷ. ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದೂ ಕೇಳಲಿಲ್ಲ. ನೀರು ಕುಡಿಯುತ್ತೇನೆಂದು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಳಗಿಂದ ಠಕ್ ಠಕ್ ಸದ್ದು. ನಮ್ಮವ್ವ ಗಾಬರಿಯಿಂದ ಇಣುಕಿದರೆ, ಬೀಗತಿಯಾಗಲಿರುವವರು ಕೈಯಲ್ಲಿ ಸೌಟು ಹಿಡಿದು ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು! ಹೊರಡುವಾಗ ನಮ್ಮಪ್ಪ ಕೈ ಮುಗಿದು, "ಹುಡುಗಿ ಮನಸಿಗೆ ಬಂದಾಳೇನ್ರಿ?" ಎಂದರು.

"ಹುಡುಗಿ ಚಲೋ ಅದಾಳ್ರಿ," ಎಂದರು ಅತ್ತೆ. "ಆದ್ರ ಅಡಿಗಿ ಮನಿ ಗ್ವಾಡಿ ಬುಡಕ ನೀರು ಕುಂತದ. ಮದಿವಿಗಿಂತ ಮೊದಲ ಅದನ್ನ ನೋಡ್ರಿ."

ಅಪ್ಪ ಅಗೆಸಿ ನೋಡಿದರು. ಬುಡ ಕೆಸರಾಗಿತ್ತು. ನನ್ನ ಮದುವೆಗೆ ಮೊದಲು ನಡೆದ ಶುಭಕಾರ್ಯ ಗೋಡೆ ದುರಸ್ತಿ.

ಇನ್ನು ಯುಗಾದಿಯ ಮುಂಚಿನ ದೊಡ್ಡ ಸ್ವಚ್ಛತೆಯ ದಿನ. ಆ ದಿನ ನಮ್ಮ ಮನೆ ಒಳಗಿನದೆಲ್ಲ ಹೊರಗೆ ಬರುತ್ತದೆ. ಮಂಚ, ಗಾದಿ, ಜೋಳದ ಡಬ್ಬಿ, ಉಪ್ಪಿನಕಾಯಿ ಭರಣಿ, ದೇವರ ಫೋಟೋ, ಎಲ್ಲ ಅಂಗಳದ ಬೇವಿನ ಮರದ ಕೆಳಗೆ. ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಒಂದು ನಂಬರು. ಇಲ್ಲದಿದ್ದರೆ ಹಿಂದಕ್ಕೆ ಹೋಗುವಾಗ ಜಾಗ ತಪ್ಪುತ್ತದಂತೆ. ಒಮ್ಮೆ ಮಾವನವರನ್ನೂ ಕುರ್ಚಿ ಸಮೇತ ಹೊರಗೆ ತಂದಿದ್ದಾಯಿತು. ಕುರ್ಚಿಗೆ ಇಪ್ಪತ್ತೇಳು ಬಿತ್ತು. ಮಾವನವರು ಪೇಪರ್ ಇಳಿಸಿ, ಸೀಮೆಸುಣ್ಣ ಹಿಡಿದಿದ್ದ ನನಗೆ ಹೇಳಿದರು, "ನನಗೂ ಒಂದು ನಂಬರ್ ಹಾಕವ್ವಾ. ಕಳದ್ರ ಹೆಂಗ?"

"ನಿಮಗ ಯಾಕ್ರಿ ನಂಬರ್?" ಎಂದರು ಅತ್ತೆ, ಕಸಬರಿಗೆ ನಿಲ್ಲಿಸದೆ. "ನಿಮ್ಮನ್ನ ಯಾರು ಒಯ್ತಾರ?"

ಅತ್ತೆಯ ಕಿವಿಗೆ ಊರಿನ ಎಲ್ಲೆಯೂ ಇಲ್ಲ. ನನ್ನ ನಾದಿನಿ, ಎಂದರೆ ಅವರ ಮಗಳು, ವಾಡಿಯಲ್ಲಿ ಹೊಸ ಮನೆ ಕಟ್ಟಿಸಿದಳು. ಫಳಫಳ ಹೊಳೆಯುವ ಟೈಲ್ಸು. ಗೃಹಪ್ರವೇಶದ ದಿನ ಪಂಗ್ತಿಯಲ್ಲಿ ಬಂಧುಗಳ ನಡುವೆ ಮನೆ ಕಟ್ಟಿದ ಗೌಂಡಿಯೂ ಕುಳಿತಿದ್ದ. ಹೋಳಿಗೆ ಆಗಷ್ಟೇ ಎಲೆಗೆ ಬಿದ್ದಿತ್ತು. ಅತ್ತೆ ಸೌಟು ಹಿಡಿದು ಪಂಗ್ತಿಯ ಹಿಂದೆ ಹಿಂದೆ ಬಡಿಯುತ್ತ ಬಂದರು. ಎಲ್ಲರೂ ತುಪ್ಪ ಬಡಿಸಲು ಬಂದರೆಂದೇ ತಿಳಿದರು! ಗೌಂಡಿಯ ಬೆನ್ನ ಹಿಂದೆ ಹನ್ನೊಂದನೆಯ "ದಬ್".

"ಅಣ್ಣಾ, ಇದರ ಕೆಳಗ ಸಿಮೆಂಟ್ ಹಾಕೀದಿ, ಇಲ್ಲಾ ಬರೇ ಗಾಳಿ ತುಂಬೀದಿ?"

"ಇಲ್ರಿ ಅಮ್ಮಾರ, ಬರೋಬರಿ ಅದರಿ."

"ಖರೇನಾ? ಹಂಗಾದ್ರ ಹನ್ನೊಂದು ಟೈಲ್ಸ್ ಸುಳ್ಳ ಹೇಳ್ಲಿಕತ್ತಾವೇನು?"

ಗೌಂಡಿ ಹೋಳಿಗೆ ಬಿಟ್ಟು ಎದ್ದ. ಮರುದಿನ ಬೆಳಿಗ್ಗೆ ಬಂದು ಹನ್ನೊಂದನ್ನೂ ಕಿತ್ತು ಹಾಕಿದ. ಕಿತ್ತ ಮೇಲೆ ಅತ್ತೆ ಅವನನ್ನು ಕೂರಿಸಿ ಐದು ಹೋಳಿಗೆ ತಿನ್ನಿಸಿದರು.

ಹೀಗಾಗಿ ನಮ್ಮ ಓಣಿಯಲ್ಲಿ ಅತ್ತೆಗೆ ಒಂದು ಗೌರವವಿತ್ತು. ಯುಗಾದಿ ಹತ್ತಿರ ಬಂತೆಂದರೆ ಅಕ್ಕಪಕ್ಕದ ಮನೆಯವರು, "ಜರಾ ನಮ್ಮ ಮನಿಗೂ ಬಂದು ಬಡದು ಹೋಗ್ರಿ" ಎಂದು ಕರೆಯಲು ಬರುತ್ತಿದ್ದರು. ಅತ್ತೆ ಹೊಸ ಸೀರೆ ಉಟ್ಟು, ಸೌಟು ಹಿಡಿದು, ಡಾಕ್ಟರ ಹಾಗೆ ಹೋಗುತ್ತಿದ್ದರು. ಯಾರ ಮನೆಯ ಯಾವ ಕಲ್ಲು ಯಾವ ವರ್ಷ ಏನೆಂದಿತು ಎಂಬುದು ಬಾಯಿಪಾಠ. "ನನ್ನ ತಲ್ಯಾಗ ಇರೋದು ಅಳಸಂಗಿಲ್ಲ" ಎನ್ನುವುದು ಅವರ ಹೆಮ್ಮೆ.

ನಗುವವರೂ ಇದ್ದರು. ಅವರಲ್ಲಿ ನಾನೂ ಒಬ್ಬಳು. ಇಲ್ಲಿಂದ ಮುಂದೆ ನಾನು ನಿಧಾನವಾಗಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಬೇಕು.

ಮೂರು ವರ್ಷದ ಹಿಂದಿನ ಮಾತು. ಒಳಕೋಣೆಯ ಮೇಲ್ಭಾಗದಲ್ಲಿ ಒಂಬತ್ತು ಕಲ್ಲುಗಳಿವೆ. ಬಾಗಿಲಿಂದ ನಾಲ್ಕನೆಯದು ಆ ವರ್ಷ ನಾಪಾಸಾಯಿತು. ಅತ್ತೆ ಗಳದ ತುದಿಗೆ ಕೆಮ್ಮಣ್ಣಿನ ಅರಿವೆ ಸುತ್ತಿ ದೊಡ್ಡ ಕೆಂಪು ಗುರುತು ಹಾಕಿದರು. ಅದರ ಕೆಳಗೆ ನನ್ನ ನಾಲ್ಕು ವರ್ಷದ ಮಗಳು ಮಲಗುವ ಮಂಚವಿತ್ತು. ಅದನ್ನು ನನ್ನ ಕೈಯಿಂದ ಬಾಗಿಲ ಪಕ್ಕಕ್ಕೆ ಎಳೆಸಿದರು. ಆಗ ನನ್ನ ಗಂಡ ಕೆಲಸಕ್ಕೆ ಹೋಗಿದ್ದರು, ಮಾವನವರು ಪಡಸಾಲೆಯ ಕುರ್ಚಿಯಲ್ಲಿದ್ದರು. ಗೌಂಡಿಗೆ ಹೇಳಿ ಕಳಿಸಿದರೆ, ಹಬ್ಬ ಮುಗಿಸಿ ಬರುತ್ತೇನೆಂದ. ಅತ್ತೆ ಅಂದೇ ವಾಡಿಗೆ ಹೊರಟರು. ಅಲ್ಲಿಯ ಸಿಮೆಂಟ್ ಕಾರ್ಖಾನೆಯ ಬಿಳಿ ಧೂಳು ಮಗಳೊಬ್ಬಳ ಕೈಯಿಂದ ಹೋಗುವುದಿಲ್ಲ ಎಂದು ಎರಡು ದಿನ ಸ್ವಚ್ಛ ಮಾಡಲು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ಗುರ್ತಿನ ಕೆಳಗ ಏನೂ ಇಡಬ್ಯಾಡವ್ವಾ."

ಹಬ್ಬಕ್ಕೆ ನನ್ನ ಅಣ್ಣ, ಅತ್ತಿಗೆ ಐನಾಪುರದಿಂದ ಬರುವವರಿದ್ದರು. ಸುಣ್ಣ ಬಳಿದು ಬೆಳ್ಳಗಾದ ಕೋಣೆಯ ನಟ್ಟನಡುವೆ ಆ ಕೆಂಪು ಗುರುತು ನನಗೆ ಹಣೆಯ ಮೇಲಿನ ಗಾಯದಂತೆ ಕಂಡಿತು. ಬಕೆಟ್ಟಿನಲ್ಲಿ ಸುಣ್ಣ ಉಳಿದಿತ್ತು. ಗಂಡ ಮನೆಗೆ ಬರುವ ಮೊದಲೇ ಸ್ಟೂಲು ಹತ್ತಿದೆ. ಮೂರು ಸಲ ಬಳಿದ ಮೇಲೆ ಗುರುತು ಮಾಯವಾಯಿತು. ಮಂಚವನ್ನು ಫ್ಯಾನಿನ ಕೆಳಗೆ, ಹಳೆಯ ಜಾಗಕ್ಕೆ ಎಳೆದೆ. ಎಷ್ಟು ಚೆಂದ ಕಂಡಿತು! ಆ ಎರಡು ದಿನ ಮಗಳು ಅಲ್ಲೇ ಮಲಗಿದಳು.

ಹಬ್ಬದ ಹಿಂದಿನ ದಿನ ಅತ್ತೆ ಬಂದರು. ಚೀಲ ಕೆಳಗಿಡದೆ ಕೋಣೆಯ ಬಾಗಿಲಲ್ಲಿ ನಿಂತರು. ಮೊದಲು ಮೇಲೆ ನೋಡಿದರು. ಆಮೇಲೆ ಮಂಚ. ಆಮೇಲೆ ನನ್ನ ಕೈ. ಬಳೆಗಳ ಸಂದಿನಲ್ಲಿ ಸುಣ್ಣ ಅಂಟಿತ್ತು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಅತ್ತೆ ಬೆರಳೆತ್ತಿ ಬಾಗಿಲಿಂದ ಕಲ್ಲು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಮಂಚವನ್ನು ಎಳೆಯತೊಡಗಿದರು. ಅಷ್ಟರಲ್ಲಿ ನನ್ನ ಗಂಡ ಬಂದರು.

"ಯವ್ವಾ, ಕೂಸಿಗೆ ಗಾಳಿ ಬ್ಯಾಡೇನು? ಮ್ಯಾಲ ಗುರ್ತೇ ಇಲ್ಲಲ್ಲ!"

ಅತ್ತೆ ನನ್ನ ಕಡೆ ನೋಡಲಿಲ್ಲ.

"ಗುರ್ತು ಹಾಕೋದು ಮರ್ತೆಪ್ಪಾ," ಎಂದರು. "ಮರ್ತು ವಾಡಿಗಿ ಹೋದೆ. ಹಿಡಿ ಆ ಕಡಿ."

ಮಾವನವರು ಪಡಸಾಲೆಯಿಂದಲೇ ಕೂಗಿದರು, "ನೀ ಮರ್ತೀ? ಮದಿವ್ಯಾಗ ನಮ್ಮಪ್ಪ ಎಷ್ಟು ಸೀರಿ ಕೊಟ್ಟಿದ್ದ ಅಂತ ಇವತ್ತಿಗೂ ಹೇಳ್ತಿ!"

"ಅದರಾಗ ಮರೆಯೋದೇನದರಿ? ಕೊಟ್ಟಿದ್ದೇ ಒಂದು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಫ್ಯಾನಿನಿಂದ ದೂರವಾದ ಮಗಳು ಮೂರು ರಾತ್ರಿ ಸೆಖೆಯೆಂದು ಅತ್ತಳು. ಅತ್ತೆ ಪಕ್ಕದಲ್ಲಿ ಕುಳಿತು ಬೀಸಣಿಗೆಯಿಂದ ಗಾಳಿ ಹಾಕಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹಬ್ಬವಾದ ಮೂರನೆಯ ದಿನ, ಮಧ್ಯಾಹ್ನ. ಅಣ್ಣ, ಅತ್ತಿಗೆ ಊರಿಗೆ ಹೊರಟುಹೋಗಿದ್ದರು. ನಾನು ಅಡುಗೆಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದೆ. ಮಗಳು ಊಟ ಮಾಡಿ ಮಲಗಿದ್ದಳು. ಒಂದು ಸದ್ದಾಯಿತು. ಅದು "ಟಣ್" ಅಲ್ಲ, "ದಬ್" ಕೂಡ ಅಲ್ಲ. ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಓಡಿದೆ. ಕೋಣೆಯ ತುಂಬ ಬಿಳಿ ಧೂಳು. ತೊಲೆಗೆ ತೂಗಿದ ಫ್ಯಾನು ಏನೂ ಆಗಿಲ್ಲವೆಂಬ ಹಾಗೆ ತಿರುಗುತ್ತಿತ್ತು. ನಾಲ್ಕನೆಯ ಕಲ್ಲಿನ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಕಲ್ಲು ಮೂರು ತುಂಡಾಗಿ ನೆಲದ ಮೇಲಿತ್ತು. ಅದು ಬಿದ್ದ ಹೊಡೆತಕ್ಕೆ ನೆಲದ ಫರಸಿಯೂ ಸೀಳಿತ್ತು. ಬಾಗಿಲ ಪಕ್ಕದ ಮಂಚದ ಮೇಲೆ ಮಗಳು ಎದ್ದು ಕುಳಿತಿದ್ದಳು. ತಲೆಯಿಂದ ಕಾಲಿನವರೆಗೆ ಬೆಳ್ಳಗೆ. ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದಳು, "ಅವ್ವಾ, ನನಗ ಯಾರು ಸುಣ್ಣ ಹಚ್ಚಿದ್ರು?"

ಮಂಚದ ಕಾಲಿನಿಂದ ಕಲ್ಲಿನ ತುದಿಗೆ ಏಳು ಗೇಣು. ಆಮೇಲೆ ನಾನೇ ಕೂತು ಅಳೆದೆ.

ಓಣಿಯವರೆಲ್ಲ ಸೇರಿದರು. ಮಗುವನ್ನು ಮುಟ್ಟಿ ಮುಟ್ಟಿ ನೋಡಿದರು. ಪಕ್ಕದ ಮನೆಯಾಕೆ ಅತ್ತೆಗೆ, "ಏನಬೇ, ಊರ ಮಂದಿ ಮನಿಗೆಲ್ಲ ಗುರ್ತು ಹಾಕಾಕಿ, ನಿನ್ನ ಮನಿಗೆ ಹಾಕಿಲ್ಲೇನು?" ಎಂದರು. ಅದೇ ಹೊತ್ತಿಗೆ ನನ್ನ ಕಣ್ಣು ಒಂದು ತುಂಡಿನ ಮೇಲೆ ಬಿತ್ತು. ಹೊಡೆತಕ್ಕೆ ನನ್ನ ಸುಣ್ಣ ಹಕ್ಕಳೆ ಎದ್ದು ಉದುರಿತ್ತು. ಅದರಡಿಯಲ್ಲಿ ಕೆಂಪು ಗುರುತಿನ ಅರ್ಧ ಎದ್ದು ಕಾಣುತ್ತಿತ್ತು.

ಅತ್ತೆಯೂ ನೋಡಿದರು. ಎರಡು ಹೆಜ್ಜೆ ಮುಂದೆ ಬಂದು, ಸೀರೆ ಹರಡಿಕೊಂಡು, ಆ ತುಂಡಿನ ಮೇಲೆಯೇ ಕುಳಿತುಬಿಟ್ಟರು.

"ವಯಸ್ಸಾತಬೇ," ಎಂದರು. "ಮರ್ತೆ."

ಮಂದಿ ಹೋಗುವವರೆಗೆ ಅವರು ಅಲ್ಲಿಂದ ಏಳಲಿಲ್ಲ. ಗೌಂಡಿ ಬಂದಾಗ ಆ ತುಂಡನ್ನು ತಾವೇ ನಿಂತು ಹಿತ್ತಲಿಗೆ ಸಾಗಿಸಿ, ಕೆಂಪು ಮುಖ ಕೆಳಗೆ ಮಾಡಿ, ಸಿಮೆಂಟ್ ಹಾಕಿಸಿ ಕೂರಿಸಿದರು. "ಅರಿವಿ ಒಗೀಲಿಕ್ಕೆ ಒಂದು ಕಲ್ಲು ಬೇಕಾಗಿತ್ತು" ಎಂದರು.

ಮುಂದಿನ ಯುಗಾದಿಗೆ ಸೌಟಿಗೆ ಕರೆ ಬರಲಿಲ್ಲ. "ಮುದಿಕಿಗಿ ಅರುವು ಮರುವು ಸುರು ಆಗ್ಯಾದ, ಸ್ವಂತ ಮನಿ ಕಲ್ಲೇ ಮರ್ತಳು" ಎಂದು ಓಣಿ ಮಾತಾಡಿತು. ಅತ್ತೆ ಹೊಸ ಸೀರೆ ಉಟ್ಟು ಒಂದು ಬೆಳಗೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು. ಮಧ್ಯಾಹ್ನ ಎದ್ದು, ಸೀರೆ ಬದಲಿಸಿ, ನಮ್ಮ ಮನೆಯ ನೆಲವನ್ನೇ ಎರಡನೆಯ ಸಲ ಬಡಿದರು.

ಮೂರು ವರ್ಷ ನಾನು ಆ ಕಲ್ಲಿನ ಮೇಲೆ ಬಟ್ಟೆ ಒಗೆದಿದ್ದೇನೆ. ಮಗಳ ಶಾಲೆಯ ಬಟ್ಟೆಯನ್ನೂ ಅದರ ಮೇಲೆಯೇ ಒಗೆಯುತ್ತೇನೆ. ಕೆಳಗೇನಿದೆ ಎಂದು ಮನೆಯಲ್ಲಿ ಇಬ್ಬರಿಗೆ ಗೊತ್ತು. ಮಗಳಿಗೀಗ ಏಳು ವರ್ಷ. ಅಜ್ಜಿಯ ಹಿಂದೆ ಚಮಚ ಹಿಡಿದು ಬೀದಿನಾಯಿಯ ತಟ್ಟೆಯನ್ನೂ ಬಡಿದು ನೋಡುತ್ತಾಳೆ!

ಈ ಸಲ ಹೋಳಿ ಮುಗಿದ ಮರುದಿನ ಅತ್ತೆ ಸೌಟು ಇಳಿಸಿ ನನ್ನ ಕೈಗೆ ಕೊಟ್ಟರು. "ನನ್ನ ಕಿವಿ ಮಂದ ಆಗ್ಯಾವ. ಇನ್ನ ನೀ ಬಡಿಯವ್ವಾ. ಓಣಿಗೂ ನೀನೇ ಹೋಗು, ನಿನ್ನನ್ನಾದ್ರ ಕರೀತಾರ."

ನಾನು ಸೌಟು ಹಿಡಿದು ನಿಂತೆ. "ಅತ್ತೀ, ಆ ಗುರ್ತಿಗೆ ಸುಣ್ಣ ಹಚ್ಚಿದಾಕಿ ನಾನರಿ. ಓಣಿ ಮಂದಿಗೆಲ್ಲ ಹೇಳ್ತೀನಿ. ಬರದು ಪೇಪರಿಗೂ ಕಳಿಸ್ತೀನಿ," ಎಂದೆ. ಮೂರು ವರ್ಷದ ಮಾತು ಒಂದೇ ಉಸಿರಿಗೆ ಹೊರಬಂತು. ಕಣ್ಣೀರೂ ಬಂತು.

ಅತ್ತೆ ನನ್ನ ಕೈಯಿಂದ ಸೌಟನ್ನು ಹಿಂದಕ್ಕೆ ತೆಗೆದುಕೊಂಡರು. ಅದರಿಂದ ನನ್ನ ಬೆನ್ನಿಗೆ ಮೆಲ್ಲಗೆ ಎರಡು ಸಲ ಬಡಿದರು. ಮಂದವಾದ ಕಿವಿಯನ್ನು ನನ್ನ ಭುಜಕ್ಕೆ ಹಚ್ಚಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದರು. ನಾನು ಬಿಕ್ಕುವುದನ್ನು ತಡೆದು ನಿಂತೆ. ಆ ಹೊತ್ತಿನಲ್ಲಿ ಸದ್ದು ಮಾಡುವಂತಿಲ್ಲವಲ್ಲ.

"ಟಣ್ ಅಂತದ," ಎಂದರು. "ಮಜಬೂತ್ ಅದೀ. ನಿನಗ ಗುರ್ತು ಬ್ಯಾಡ."

ಮತ್ತೆ ಸೌಟನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಿಸಿದರು.