ಕಾಫಿ ಕಣದಲ್ಲಿ ಆಕ್ಸಲ್ ಪ್ರಸಂಗ

ಕಾರಿನ ಮುಂದಿನ ಆಕ್ಸಲ್ ಬದಲಾಯಿಸುವುದು ಮಹಾವಿದ್ಯೆಯೇನಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ವನಗೂರಿನ ತಿರುವುಗಳಲ್ಲಿ ಆಕ್ಸಲ್ ಸವೆದು ನಮ್ಮ ಪುಟ್ಟ ಕಾರಿನ ಚಕ್ರ ಕಟಕಟನೆ ಹಲ್ಲು ಕಡಿಯುತ್ತಿತ್ತು. ಮರುದಿನವೇ ಕುಂದೂರಿನಲ್ಲಿ ನಾದಿನಿಯ ನಿಶ್ಚಿತಾರ್ಥ. ಹಿರಿಯ ಅಳಿಯನಾದ ನಾನು ತಾಂಬೂಲದ ತಟ್ಟೆಗಳ ಸಮೇತ ಕಾರಿನಿಂದ ಘನವಾಗಿ ಇಳಿಯಬೇಕು!

“ಮೆಕ್ಯಾನಿಕ್ಕಿಗೆ ಹೇಳ್ರೀ,” ಎಂದಳು ಹೆಂಡತಿ ಸರೋಜ. “ನಮ್ಮಪ್ಪನ ಮನೇಲಿ ಮರ್ಯಾದೆ ತೆಗೀಬ್ಯಾಡಿ.”

“ನೀನು ರೊಟ್ಟಿ ತಟ್ಟೋದ್ರೊಳಗೆ ಮುಗಿಸ್ಬುಡ್ತೀನಿ, ನೋಡ್ತಿರು!”

ನಮ್ಮ ಗುಡ್ಡದಲ್ಲಿ ಸಮತಟ್ಟಾದ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಕಾಫಿಯನ್ನು ಒಂದು ಬದಿಗೆ ತಳ್ಳಿ ಕಾರು ನಿಲ್ಲಿಸಿದೆ. ಬಲಗಡೆಗೆಂದು ತಂದಿದ್ದ ಹೊಸ ಆಕ್ಸಲ್ಲಿಗೆ ಊದುಬತ್ತಿ ಬೆಳಗಿ, ಬಾನೆಟ್ಟಿನ ಎದುರು ನಿಂತು, ನನ್ನ ಬಲಗೈ ಕಡೆಯ ಚಕ್ರಕ್ಕೆ ಕೈಹಾಕಿದೆ.

ನಡುವಿನ ನಟ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ನೀರಿನ ಪೈಪು ಸಿಕ್ಕಿಸಿ, ಮೇಲೆ ಹತ್ತಿ ಕುಣಿದೆ. ನಟ್ಟು ಬಿಟ್ಟಿತು. ನಾನು ಕಾಫಿಯಲ್ಲಿ ಕೂತಿದ್ದೆ!

ಜಾಕ್ ಕೊಟ್ಟು, ಚಕ್ರ ಕಳಚಿ, ನಾಲ್ಕಾರು ಬೋಲ್ಟು ಬಿಚ್ಚಿ, ಕಾಲೂರಿ ಎಳೆದೆ. ಆಕ್ಸಲ್ ಬಂತು. ಬೆನ್ನಿಗೇ ಗೇರ್‌ಬಾಕ್ಸಿನ ಆಯಿಲ್! ಮೊದಲು ಆಯಿಲ್ ಇಳಿಸಬೇಕೆಂಬ ಸಂಗತಿಯನ್ನು ಅದೇ ಖುದ್ದಾಗಿ ಬಂದು ತಿಳಿಸಿತು. ಸಮತಟ್ಟೆಂದು ನಂಬಿದ್ದ ಕಣಕ್ಕೆ ಇಳಿಜಾರಿರುವುದೂ ಆಗಲೇ ಗೊತ್ತಾದದ್ದು.

“ಅಯ್ಯೋ, ಕಾಫಿ!” ಸರೋಜ ಹಿಟ್ಟಿನ ಕೈಯಲ್ಲೇ ಓಡಿಬಂದು, ತಂತಿಯ ಮೇಲಿದ್ದ ಬಟ್ಟೆ ಎಳೆದು ಅಡ್ಡ ಹಾಕಿದಳು. ಕಾಫಿ ಉಳಿಯಿತು. ಬಟ್ಟೆ ಮಾತ್ರ ನಿಶ್ಚಿತಾರ್ಥಕ್ಕೆಂದು ಒಗೆದಿದ್ದ ನನ್ನ ಜರಿಯಂಚಿನ ಪಂಚೆ!

ಹೊಸ ಆಕ್ಸಲ್ ಎಷ್ಟು ತುರುಕಿದರೂ ಕೂರಲೊಲ್ಲದು. ಅಷ್ಟರಲ್ಲಿ ಪಕ್ಕದ ತೋಟದ ಲಾರೆನ್ಸ್ ಜೀಪು ನಿಲ್ಲಿಸಿ ಬಂದು, ನನ್ನ ಕತೆಯೆಲ್ಲ ಕೇಳಿದರು.

“ಎಂಥದು ಮಾರಾಯ್ರೇ, ಸದ್ದು ಇದ್ದದ್ದು ಯಾವ ಕಡೆ?”

“ಡ್ರೈವರ್ ಕಡೆ.”

“ಮತ್ತೆ ನೀವು ಬಿಚ್ಚಿದ್ದು ಸರೋಜಮ್ಮ ಕೂರುವ ಕಡೆ ಅಲ್ವಾ!”

ಕಾರಿಗೆ ಎದುರು ನಿಂತವನ ಬಲ, ಕಾರಿನ ಎಡ; ಎರಡು ಕಡೆಯ ಆಕ್ಸಲ್ಲುಗಳ ಅಳತೆಯೇ ಬೇರೆ. ಸರಿಯಾಗಿದ್ದ ಆಕ್ಸಲ್ಲನ್ನೇ ಶ್ರದ್ಧೆಯಿಂದ ಕಳಚಿದ್ದೆ! ಅದನ್ನೇ ವಾಪಸು ಕೂರಿಸೋಣವೆಂದರೆ, ಆಯಿಲನ್ನೆಲ್ಲ ಪಂಚೆ ಕುಡಿದಿತ್ತು.

ಮರುದಿನ ಲಾರೆನ್ಸರ ಜೀಪೇ ಗತಿ. ಸರೋಜ ಮುಂದೆ, ತಟ್ಟೆಗಳೊಂದಿಗೆ. ಹಿರಿಯ ಅಳಿಯ ಹಿಂದೆ, ಬಾಳೆಗೊನೆಗಳೊಂದಿಗೆ, ಮಾಸಿದ ಪ್ಯಾಂಟಿನಲ್ಲಿ! ಚಪ್ಪರದಲ್ಲಿ ಗಂಡಿನ ಸೋದರಮಾವ ನನ್ನ ಕಪ್ಪಾದ ಉಗುರು ನೋಡಿ ಮೆಚ್ಚಿಕೊಂಡರು.

“ಅಳಿಯಂದ್ರು ಬಾಳ ಕೆಲ್ಸಗಾರ್ರು! ನಮ್ ಕಾರೂ ಒಂಚೂರು ಸದ್ದು ಮಾಡ್ತೈತೆ. ನೋಡ್ತೀರಾ?”

ನಾನು ಎದ್ದೇಬಿಟ್ಟೆ. ಸರೋಜ ನನ್ನ ತೋಳು ಹಿಡಿದು ಕೂರಿಸಿದಳು.

“ಮೊದ್ಲು ತಾಂಬೂಲ ಬದಲಾಯಿಸ್ಕೊಳ್ಳಿ ಮಾವ. ಇವ್ರು ನಿಮ್ ಕಾರು ಮುಟ್ಟಿದ್ರೆ ಸಂಬಂಧ ಉಳಿಯಾಕಿಲ್ಲ!”

ನಿಶ್ಚಿತಾರ್ಥ ಸುಸೂತ್ರವಾಗಿ ಮುಗಿಯಿತು. ಅದಕ್ಕೆ ಹಿರಿಯ ಅಳಿಯನಿಂದಾದ ಸಹಾಯ ಇಷ್ಟೇ: ಕೂರಿಸಿದಲ್ಲಿಂದ ಮತ್ತೆ ಏಳಲಿಲ್ಲ!