ಗುಡ್ಡದ ಮೇಲೊಂದು ಪ್ಲಸ್ ಸಿ

ಗಣಿತ ಕಲಿಸುವವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಒಮ್ಮೆ ನನ್ನ ಜೊತೆ ಬಸ್ಸು ಹತ್ತಬೇಕು. ಮನೆ ಪುತ್ತೂರು. ಶನಿವಾರ ಸುಳ್ಯ, ಭಾನುವಾರ ಕಡಬ. ಟ್ಯೂಷನ್ನಿಗೆ ಹೋಗುವ ಅನುಕೂಲವಿಲ್ಲದ, ಆದರೆ ಕಾಲೇಜು ಓದಿಯೇ ತೀರುತ್ತೇವೆ ಎನ್ನುವ ಪಿಯುಸಿ ಮಕ್ಕಳಿಗೆ ಒಂದು ಟ್ರಸ್ಟಿನ ಪರವಾಗಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಏನಾದರೊಂದು ಪ್ರಸಂಗ ನಡೆಯದೆ ಮನೆಗೆ ಮರಳಿದ ವಾರವೇ ಇಲ್ಲ.

ಕಳೆದ ವರ್ಷದ ಪ್ರಸಂಗಗಳೆಲ್ಲ ಹೆಚ್ಚುಕಡಿಮೆ ಒಬ್ಬಳೇ ಹುಡುಗಿಯ ಸುತ್ತ ನಡೆದವು. ಕಡಬದಿಂದ ಇನ್ನೂ ಒಳಗಿನ ಊರಿನವಳು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದ ಮನೆತನ. ಅಪ್ಪ ಇನ್ನೊಬ್ಬರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್, ಅಂದರೆ ಮರ ಗೀರಿ ಹಾಲು ಇಳಿಸುವ ಕೆಲಸ, ಮಾಡುವವರು. ಅವಳಿಗೆ ಸಿವಿಲ್ ಎಂಜಿನಿಯರ್ ಆಗಬೇಕು. ಉಳಿದ ವಿಷಯಗಳಲ್ಲೆಲ್ಲ ಜಾಣೆ, ಗಣಿತದಲ್ಲಿ ಮಾತ್ರ ಮುಗ್ಗರಿಸುತ್ತಿದ್ದಳು. ಅದರಲ್ಲಿ ಪಾಸಾಗದಿದ್ದರೆ ಎಂಜಿನಿಯರಿಂಗ್ ಸೀಟಿನ ಆಸೆ ಬಿಡಬೇಕು. ‘ನಿನ್ನನ್ನು ಪಾಸು ಮಾಡಿಸದೆ ಬಿಡುವವಳಲ್ಲ ನಾನು’ ಎಂದು ಮೊದಲ ದಿನವೇ ಹೇಳಿಬಿಟ್ಟೆ. ಹೇಳಿದ ಮೇಲೆ ಮಾಡಬೇಕಲ್ಲ!

ಮಳೆ ಬಂದರೆ ಹಾಜರಿ

ಎಲ್ಲ ಕಡೆ ಮಳೆ ಬಂದರೆ ಮಕ್ಕಳು ಕ್ಲಾಸಿಗೆ ಬರುವುದಿಲ್ಲ. ನನ್ನ ಕಡಬದ ಕ್ಲಾಸಿನಲ್ಲಿ ಅದು ತಿರುಗಾಮುರುಗಾ. ಬಿಸಿಲಿದ್ದರೆ ಅರ್ಧಕ್ಕರ್ಧ ಮಕ್ಕಳು ಬೆಳಿಗ್ಗೆ ಅಪ್ಪಂದಿರ ಜೊತೆ ಟ್ಯಾಪಿಂಗಿಗೆ ಹೋಗುತ್ತಾರೆ. ಮಳೆ ಬಂದರೆ ಮರಕ್ಕೆ ಕಟ್ಟಿದ ಚಿಪ್ಪಿನ ಹಾಲಿಗೆ ನೀರು ಸೇರುತ್ತದೆ, ಟ್ಯಾಪಿಂಗಿಗೆ ರಜೆ, ಕ್ಲಾಸು ಭರ್ತಿ.

ಹಾಗಾಗಿ ಭಾನುವಾರ ಎದ್ದ ಕೂಡಲೆ ಕಿಟಕಿ ತೆರೆದು ಮೋಡಕ್ಕೆ ಕೈಮುಗಿಯುವ ಅಭ್ಯಾಸವಾಯಿತು. ಒಂದು ಭಾನುವಾರ ಆಟಿ ತಿಂಗಳ ಮಳೆ ಧಾರಾಕಾರ ಸುರಿಯಿತು. ಇವತ್ತು ಕಲನಶಾಸ್ತ್ರ ಶುರುಮಾಡಿಯೇ ಸಿದ್ಧ ಎಂದು ಹುರುಪಿನಿಂದ ಹೋದರೆ ಕ್ಲಾಸಿನಲ್ಲಿ ಒಂದು ನರಪಿಳ್ಳೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಹುಡುಗಿ ಓಡುತ್ತಾ ಬಂದಳು.

“ಎಂತ ಇದು? ಇಷ್ಟು ಮಳೆ ಉಂಟಲ್ಲ?”

“ಮರಕ್ಕೆಲ್ಲ ಪ್ಲಾಸ್ಟಿಕ್ ಕಟ್ಟಿ ಆಯ್ತು ಟೀಚರ್. ಇನ್ನು ಮಳೆಗೂ ಟ್ಯಾಪಿಂಗ್ ಮಾಡ್ಬಹುದಂತೆ.”

ಮರಗಳಿಗೆ ರೇನ್‌ಕೋಟು ಹಾಕಿಸಿ ನನ್ನ ಕ್ಲಾಸನ್ನು ತೊಳೆದುಬಿಟ್ಟಿದ್ದರು. ಸೋಲುವವಳೇ ನಾನು? ಮರುವಾರದಿಂದ ಕ್ಲಾಸನ್ನು ಮಧ್ಯಾಹ್ನಕ್ಕೆ ಹಾಕಿದೆ. ಮೋಡಕ್ಕೆ ಕೈಮುಗಿಯುವುದನ್ನೂ ನಿಲ್ಲಿಸಿದೆ, ಅದು ಮಾಡಿದ ಉಪಕಾರ ಅಷ್ಟೇ ಇತ್ತು.

ಸಂಕದ ಮೇಲೆ ಸತ್ಯಾಗ್ರಹ

ಮಧ್ಯಾವಧಿ ಪರೀಕ್ಷೆಯಲ್ಲಿ ಹುಡುಗಿಗೆ ಗಣಿತದಲ್ಲಿ ಬಂದದ್ದನ್ನು ಅಂಕ ಎನ್ನಲು ನನಗೇ ನಾಚಿಕೆ. ಅಪ್ಪ ಓದು ಬಿಡಿಸುತ್ತಾರಂತೆ ಎಂದು ಸುದ್ದಿ ಬಂತು. ಮಾತಾಡಿಯೇ ಬರುತ್ತೇನೆ ಎಂದು ಹೊರಟೆ.

ಅವರ ಮನೆಗೆ ಹೋಗಲು ತುಂಬಿ ಹರಿಯುವ ಒಂದು ತೋಡು, ಅಂದರೆ ಹಳ್ಳ, ದಾಟಬೇಕು. ದಾಟಲಿಕ್ಕೆ ಇದ್ದದ್ದು ಎರಡು ಅಡಿಕೆ ಮರ ಜೋಡಿಸಿದ ಸಂಕ, ಹಿಡಿಯಲು ಒಂದು ಬಿದಿರು. ಹುಡುಗಿ ಚಂಗನೆ ದಾಟಿದಳು. ನಾನು ನಡುವಿನವರೆಗೆ ಹೋಗಿ, ಕೆಳಗೆ ಕೆಂಪು ನೀರು ಕುದಿಯುವುದನ್ನು ನೋಡಿ, ಅಲ್ಲೇ ಕುಳಿತುಬಿಟ್ಟೆ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಆಚೆ ದಡಕ್ಕೆ ಅಪ್ಪ ಬಂದರು. “ಅಯ್ಯೋ ಟೀಚರೆ, ಬನ್ನಿ, ಬನ್ನಿ!”

ಕಾಲು ಬರಲೊಲ್ಲದು. ಬಾಯಿ ಮಾತ್ರ ನಡೆಯುತ್ತಿತ್ತು. “ಅವಳ ಓದು ಬಿಡಿಸ್ತೀರಂತೆ, ಹೌದಾ?”

“ಗಣಿತ ತಲೆಗೆ ಹೋಗುದಿಲ್ಲ ಟೀಚರೆ. ಪುತ್ತೂರಲ್ಲಿ ಜವಳಿ ಅಂಗಡಿಯಲ್ಲಿ ಕೆಲಸ ಉಂಟಂತೆ. ಮೊದಲು ನೀವು ಈಚೆ ಬನ್ನಿ.”

“ಮೊದಲು ನೀವು ಪರೀಕ್ಷೆವರೆಗೆ ಬಿಡ್ತೇನೆ ಅಂತ ಹೇಳಿ.”

“ಮೇಲೆ ಮಳೆ ಬರ್ತಾ ಉಂಟು, ನೀರು ಏರ್ತದೆ!”

“ಏರ್ಲಿ.”

ಅವರು ಮೋಡ ನೋಡಿದರು, ತೋಡು ನೋಡಿದರು, ನನ್ನನ್ನು ನೋಡಿದರು. “ಆಯ್ತು ಮಾರಾಯ್ರೆ, ಓದ್ಲಿ! ಎಷ್ಟು ಬೇಕಾದ್ರೂ ಓದ್ಲಿ!” ಎಂದು ಬಂದು ಕೈಹಿಡಿದು ದಾಟಿಸಿದರು.

ಟೀಚರು ಶಿಷ್ಯೆಗಾಗಿ ಸಂಕದ ಮೇಲೆ ಸತ್ಯಾಗ್ರಹ ಕೂತರು ಎಂದು ಆ ಊರಿನಲ್ಲಿ ಈಗಲೂ ಹೇಳುತ್ತಾರೆ. ಅಪ್ಪ ಮೊದಲೇ ಒಪ್ಪಿದ್ದರೂ ನಾನು ಅಲ್ಲೇ ಇರುತ್ತಿದ್ದೆ ಎನ್ನುವುದು ನನ್ನ ಮೊಣಕಾಲುಗಳಿಗೆ ಮಾತ್ರ ಗೊತ್ತು.

ಗುಡ್ಡದ ಪಾಠ

ವಾರಕ್ಕೊಂದು ಕ್ಲಾಸು ಸಾಲದೆಂದು ಸಂಜೆ ಫೋನಿನಲ್ಲಿ ಪಾಠ ಶುರುಮಾಡಿದೆ. ಅವರ ಊರಿನಲ್ಲಿ ರೇಂಜ್ ಸಿಗುವುದು ಗುಡ್ಡದ ಮೇಲಿನ ಒಂದು ಗೇರುಮರದ ಬುಡದಲ್ಲಿ ಮಾತ್ರ. ಹಾಗಾಗಿ ಸಂಜೆಯಾದರೆ ಊರೇ ಅಲ್ಲಿ. ಗಲ್ಫಿನಲ್ಲಿರುವ ಮಗನ ಜೊತೆ ಮಾತಾಡಲು ಬರುವ, ಊರೆಲ್ಲ ಕಾಕ ಎಂದು ಕರೆಯುವ ಅಂಗಡಿಯ ಹಿರಿಯರು, ರಬ್ಬರ್ ರೇಟು ನೋಡುವವರು, ಸುಮ್ಮನೆ ಬರುವವರು. ಇವಳು ಸ್ಪೀಕರ್ ಹಾಕಿ ಕಲ್ಲಿನ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದಳು.

ಅನುಕಲನ, ಅಂದರೆ ಇಂಟಿಗ್ರೇಷನ್ ಲೆಕ್ಕದಲ್ಲಿ, ಉತ್ತರದ ಕೊನೆಗೆ ಬೆಲೆ ಗೊತ್ತಿಲ್ಲದ ಸ್ಥಿರಾಂಕವಾಗಿ ಒಂದು ಪ್ಲಸ್ ಸಿ ಬರೆಯಬೇಕು. ಅವಳು ಪ್ರತಿ ಸಲವೂ ಮರೆಯುತ್ತಿದ್ದಳು, ನಾನು ಪ್ರತಿ ಸಲವೂ “ಪ್ಲಸ್ ಸಿ ಎಲ್ಲಿ?” ಎಂದು ಕಿರುಚುತ್ತಿದ್ದೆ. ಕೆಲವೇ ದಿನಗಳಲ್ಲಿ ಅವಳು ಉತ್ತರ ಓದಿದ ಕೂಡಲೆ ಹಿಂದಿನಿಂದ ಇಡೀ ಗುಡ್ಡ “ಪ್ಲಸ್ ಸಿ!” ಎನ್ನತೊಡಗಿತು. ಎಲ್ಲರಿಗಿಂತ ಜೋರು ದನಿ ಕಾಕನದು. ಮಗನಿಗೂ “ಒಂದು ನಿಮಿಷ ನಿಲ್ಲು, ಸಿ ಹಾಕ್ಲಿಕ್ಕೆ ಉಂಟು” ಎನ್ನುತ್ತಿದ್ದರು.

ಒಂದು ಸಂಜೆ ನಿಶ್ಚಿತ ಅನುಕಲನಕ್ಕೆ ಬಂದೆವು. ಅಲ್ಲಿ ಪ್ಲಸ್ ಸಿ ಬೇಡ. ಅವಳು ಉತ್ತರ ಹೇಳಿದಳು, ನಾನು ಸರಿ ಎಂದೆ. ಫೋನಿನಲ್ಲಿ ಗಲಾಟೆಯೆದ್ದಿತು. ಕಾಕ ನೇರ ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ಟೀಚರೆ, ಅವಳು ಸಿ ಬಿಟ್ಲು, ನೀವೂ ನೋಡ್ಲಿಲ್ಲ!”

“ಇದಕ್ಕೆ ಬೇಡ ಕಾಕ. ಕೆಳಗೆ ಮೇಲೆ ಗಡಿ ಕೊಟ್ರೆ ಸಿ ಬರುದಿಲ್ಲ.”

ಕಾಕ ನೊಂದ ದನಿಯಲ್ಲಿ, “ಮೊದಲೇ ಗಡಿ ಕೊಟ್ಟಿದ್ರೆ ನಾವು ಇಷ್ಟು ದಿನ ಬೊಬ್ಬೆ ಹೊಡಿಲಿಕ್ಕೆ ಇತ್ತಾ?” ಎಂದರು.

ಬಸ್ಸಿನಲ್ಲಿ ಬಂದ ರಿಸಲ್ಟು

ಬೋರ್ಡಿನ ಮೊದಲ ಪರೀಕ್ಷೆಯಲ್ಲಿ ಅವಳು ಮೂರು ಅಂಕದಿಂದ ಫೇಲಾದಳು. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನು. ಅಪ್ಪನೇ ಫೋನು ಮಾಡಿ, “ಹೊಸ ಮರ ಮೊದಲ ಗೀರಿಗೇ ಹಾಲು ಕೊಡುದಿಲ್ಲ ಟೀಚರೆ. ಇನ್ನೊಂದು ಪರೀಕ್ಷೆ ಉಂಟಲ್ಲ, ಕೂರಿಸುವ” ಎಂದರು. ಅದರಲ್ಲೂ ಹೋದರೆ ಈ ವರ್ಷದ ಸೀಟು ಹೋದಂತೆಯೇ. ಇಬ್ಬರೂ ಹಟಕ್ಕೆ ಬಿದ್ದು ಹಗಲೆಲ್ಲ ಲೆಕ್ಕ ಮಾಡಿದೆವು.

ಎರಡನೆಯ ಪರೀಕ್ಷೆಯ ಫಲಿತಾಂಶದ ದಿನ ಪುತ್ತೂರಿನಲ್ಲಿ ಕುಳಿತು ನೋಡಿದೆ. ಗಣಿತ ಐವತ್ತೆರಡು. ಪಾಸು! ಫೋನು ಮಾಡಿದರೆ ಹೋಗುವುದಿಲ್ಲ. ಗುಡ್ಡದ ಮೇಲೆ ಊರಿನವರೆಲ್ಲ ರಿಸಲ್ಟಿಗಾಗಿ ಅವಳ ಪರೀಕ್ಷೆಯ ನಂಬರನ್ನೇ ಒಟ್ಟಿಗೆ ಒತ್ತಿ, ಇದ್ದ ಒಂದು ಗೀಟು ರೇಂಜನ್ನೂ ಮುಗಿಸಿದ್ದರು ಎಂದು ಆಮೇಲೆ ತಿಳಿಯಿತು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಅವರ ಊರಿಗೆ ಹೋಗುವ ಬಸ್ಸು ಹೊರಟು ನಿಂತಿತ್ತು. ಕಂಡಕ್ಟರಿಗೆ ಹೇಳಿದೆ: “ಕಾಕನ ಅಂಗಡಿಯಲ್ಲಿ, ಹುಡುಗಿ ಗಣಿತದಲ್ಲಿ ಪಾಸು ಅಂತ ಹೇಳಿ. ಅಷ್ಟೇ ಸಾಕು.” ಮುಂದಿನ ಬಸ್ಸಿನಲ್ಲಿ ನಾನೂ ಹೊರಟೆ.

ಉಪ್ಪಿನಂಗಡಿಯಲ್ಲಿ ಹತ್ತಿದವರು ಮಾತಾಡಿಕೊಳ್ಳುತ್ತಿದ್ದರು, ಕಡಬದ ಕಡೆಯ ಹುಡುಗಿಯೊಬ್ಬಳು ಒಳ್ಳೇ ಪಾಸಂತೆ. ಆಲಂಕಾರಿನಲ್ಲಿ ಅವಳ ಅಂಕ ತೊಂಬತ್ತಾಯಿತು. ಕಡಬದಲ್ಲಿ ನೂರಕ್ಕೆ ನೂರು. ಅವಳ ಊರಿನಲ್ಲಿ ನಾನಿಳಿಯುವಾಗ ಗರ್ನಾಲು ಸಿಡಿಯುತ್ತಿತ್ತು, ಕಾಕ ಎಲ್ಲರಿಗೂ ಶರಬತ್ತು ಹಂಚುತ್ತಿದ್ದರು, ಪಂಚಾಯತ್ ಸದಸ್ಯರೊಬ್ಬರು ಮೈಕು ಹಿಡಿದು, “ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆದ ನಮ್ಮೂರ ಕುವರಿ...” ಎನ್ನುತ್ತಿದ್ದರು. ಕುವರಿ ಮಾತ್ರ ಹಾರ ಹಾಕಿಕೊಂಡು ಮೂಲೆಯಲ್ಲಿ ಬಿಳಿಚಿ ಕುಳಿತಿದ್ದಳು.

“ಟೀಚರ್, ನಾನು ಬರೆದದ್ದೇ ಐವತ್ತೈದಕ್ಕೆ. ನೂರು ಹೇಗೆ ಬರ್ತದೆ? ಇದು ಬೇರೆ ಯಾರದ್ದೋ. ನಾನು ಪುನಃ ಫೇಲಾ?” ಎಂದು ಕಣ್ಣೀರು ಸುರಿಸಿದಳು.

ಇನ್ನು ಸುಮ್ಮನಿರುವಂತಿರಲಿಲ್ಲ. ಮೈಕು ಕಿತ್ತುಕೊಂಡು ಹೇಳಿದೆ: “ಗಣಿತ ಐವತ್ತೆರಡು. ಪಾಸು. ಸೀಟಿಗೆ ಸಾಕು.”

ಗರ್ನಾಲು ನಿಂತಿತು. ಕಾಕನ ಕೈಯಲ್ಲಿದ್ದ ಶರಬತ್ತೂ ನಿಂತಿತು. ಹುಡುಗಿ ಮಾತ್ರ “ಐವತ್ತೆರಡು!” ಎಂದು ಕೂಗಿ ನನ್ನನ್ನು ಅಪ್ಪಿಕೊಂಡಳು. ಅಪ್ಪ ಮುಖ ಒರೆಸಿಕೊಂಡು, “ಮೋಳೆ, ಮಗಳೇ, ಸಾಕು, ಅಷ್ಟು ಸಾಕು” ಎಂದರು. ಆಮೇಲೆ ಊರವರು ಉಳಿದ ಗರ್ನಾಲನ್ನೂ ಹಚ್ಚಿದರು.

ಹೊರಡುವಾಗ ಹೆಂಗಸೊಬ್ಬರು ಸೆರಗು ಸರಿಮಾಡಿಕೊಂಡು ನನ್ನನ್ನು ಬದಿಗೆ ಕರೆದರು.

“ಟೀಚರೆ, ನನ್ನ ಮಗನೂ ಬರುವ ವರ್ಷ ಪಿಯುಸಿ. ನಿಮ್ಮ ಕ್ಲಾಸಿಗೆ ಕಳಿಸ್ತೇನೆ.”

“ಧಾರಾಳ ಕಳಿಸಿ” ಎಂದೆ ಖುಷಿಯಿಂದ.

ಅವರು ದನಿ ತಗ್ಗಿಸಿದರು. “ಒಂದೇ ಒಂದು ಉಪಕಾರ ಮಾಡಿ. ಅವನ ರಿಸಲ್ಟು ನೀವು ಬಂದು ಹೇಳುದು ಬೇಡ. ಆ ಕಂಡಕ್ಟರ ಹತ್ರವೇ ಕಳಿಸಿ.”